ಎರಡೂವರೆ ಗಂಟೆಯ ಮುದ್ರೆ

ಟಪಾಲು ಹಂಚುವ ಹೊತ್ತಿನಲ್ಲಿ ಲಿಯೋಟಿಸ್ ಗೇನ್ಸ್‌ನ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಸಂಜೆ ಊಟವಾದ ಮೇಲೆ ಗಾರ್ಡು ಮೆಟ್ಟಿಲ ಮೇಲೆ ನಿಂತು ಒಂದೊಂದೇ ಕವರು ಎತ್ತಿ ಹೆಸರು ಹೇಳುವಾಗ ಲಿಯೋಟಿಸ್ ತಪ್ಪದೆ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ನಿಲ್ಲದೆ ಹೋದರೆ, ಅಪ್ಪಿತಪ್ಪಿ ಬಂದ ಕಾಗದ ಬೇಸರಪಟ್ಟುಕೊಂಡು ಹಿಂದಕ್ಕೆ ಹೋಗಿಬಿಟ್ಟೀತು ಎಂಬ ಭಯ ಅವನಿಗೆ. ಚೀಲ ಖಾಲಿಯಾದ ಮೇಲೆ, ತಾನು ಬಂದದ್ದು ಕಾಗದಕ್ಕಲ್ಲ, ಕಾಲು ಸಡಿಲಿಸಲು ಎಂಬಂತೆ ಎರಡು ಸಲ ಮೊಣಕಾಲು ಮಡಿಸಿ ಬಿಡಿಸಿ ಕೋಣೆಗೆ ಹೋಗುತ್ತಿದ್ದ. ಅಂಥವನ ಹೆಸರನ್ನು ಆ ಗುರುವಾರ ಸಂಜೆ ಗಾರ್ಡು ಕೂಗಿಯೇಬಿಟ್ಟ. ಗ್ರಹಚಾರ ಶುರುವಾದದ್ದು ಅಲ್ಲಿಂದ.

ಬಂದದ್ದು ಅಲಬಾಮಾದ ಕೋರ್ಟಿನ ಕಾಗದ. ಮೇಲಿನ ಮಂಚದಲ್ಲಿ ಜೊತೆಗಾರ ನೆಸ್ಟರ್ ಗೊರಕೆ ಹೊಡೆಯುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಲಿಯೋಟಿಸ್ ಗೋಡೆಗೆ ಮುಖ ಮಾಡಿ ಅದನ್ನು ಓದಿದ. ಈ ಜಾಗ್ರತೆಗೆ ಕಾರಣವಿತ್ತು. ಕೆಂಟಕಿಯ ಬೆಟ್ಟಗಳ ನಡುವಿನ ಆ ಜೈಲಿನಲ್ಲಿ ಒಬ್ಬನಿಗೆ ಕೋರ್ಟಿನ ಕಾಗದ ಬಂತೆಂದರೆ ಉಳಿದವರಿಗೆಲ್ಲ ಹಬ್ಬ. ಹಲ್ಲುನೋವಿಗೆ ಮದ್ದು ಹೇಳುವ ಹಾಗೆ ಒಬ್ಬೊಬ್ಬನೂ ಒಂದೊಂದು ಕಾನೂನು ಹೇಳುತ್ತಾನೆ.

ಕಾಗದದಲ್ಲಿ ಅರ್ಜಿ ವಜಾ ಎಂದಿತ್ತು. ಲಿಯೋಟಿಸ್ ಸಾಚಾ ಮನುಷ್ಯನೇನಲ್ಲ. ಕೊಕೇನ್ ಮಾರಿದ್ದ, ಸಿಕ್ಕಿಬಿದ್ದಿದ್ದ, ಇಪ್ಪತ್ತು ವರ್ಷ ಹಾಕಿಸಿಕೊಂಡಿದ್ದ. ಇದನ್ನು ಅವನೂ ಎಂದೂ ಅಲ್ಲಗಳೆದವನಲ್ಲ. ಆದರೆ ಆ ಮಾಲಿಗೆ ಹಾಕುತ್ತಿದ್ದ ಶಿಕ್ಷೆ ಅತಿಯಾಯಿತೆಂದು ಸರಕಾರಕ್ಕೇ ಅನ್ನಿಸಿ ನಿಯಮ ಸಡಿಲಿಸಿತ್ತು. ಹಳೆಯ ಕೈದಿಗಳೂ ಅರ್ಜಿ ಹಾಕಿಕೊಳ್ಳಿ ಎಂದಿತ್ತು. ಹೊಸ ಲೆಕ್ಕದಲ್ಲಿ ಲಿಯೋಟಿಸ್ ಆಗಲೇ ಬೇಕಾದ್ದಕ್ಕಿಂತ ಹೆಚ್ಚು ದಿನ ಒಳಗಿದ್ದಾಗಿತ್ತು. ಜಡ್ಜ್ ಮಾತ್ರ, ನಿನ್ನ ಮಾಲಿನ ತೂಕ ಬಹಳವಾಯಿತು, ಈ ಸಡಿಲಿಕೆ ನಿನಗಿಲ್ಲ ಎಂದು ಬರೆದಿದ್ದರು.

ಆ ತೂಕ ಲಿಯೋಟಿಸ್‌ನದಲ್ಲ, ಅವನ ಚಿಕ್ಕಪ್ಪನ ಮಗ ರೂಫಸ್‌ನದು. ಇಬ್ಬರೂ ಒಂದೇ ಕೇಸಿನಲ್ಲಿದ್ದುದರಿಂದ ಯಾರೋ ಹಾಳೆ ತಿರುವುವಾಗ ರೂಫಸ್‌ನ ಗಂಟು ಲಿಯೋಟಿಸ್‌ನ ತಕ್ಕಡಿಗೆ ಬಿದ್ದಿತ್ತು. ರೂಫಸ್ ಬದುಕಿದ್ದಾಗಲೂ ಹೀಗೆಯೇ. ಹೋಟೆಲಿನಲ್ಲಿ ಹೊಟ್ಟೆ ಬಿರಿಯ ತಿನ್ನುತ್ತಿದ್ದವನು ಅವನು, ಬಿಲ್ಲು ಬಂದು ಕೂರುತ್ತಿದ್ದುದು ಲಿಯೋಟಿಸ್‌ನ ಮುಂದೆ.

ಇಷ್ಟು ವರ್ಷ ಕಳೆದವನಿಗೆ ಇನ್ನು ಮೂರು ನಾಲ್ಕು ವರ್ಷ ದೊಡ್ಡದಲ್ಲ ಎಂದು ಅಂದುಕೊಳ್ಳಬಹುದಿತ್ತು. ಆದರೆ ಅವನು ಒಳಗೆ ಬಂದಾಗ ತೊಟ್ಟಿಲಲ್ಲಿದ್ದ ಮಗಳು ಒಡೆಸ್ಸಾ ಬರುವ ತಿಂಗಳು ಹೈಸ್ಕೂಲು ಮುಗಿಸುವವಳಿದ್ದಳು. ಕಪ್ಪು ನಿಲುವಂಗಿ, ಚೌಕದ ಟೋಪಿ ಹಾಕಿಕೊಂಡು ವೇದಿಕೆ ಹತ್ತುವ ಸಮಾರಂಭಕ್ಕೆ ಒಂದೊಂದು ಮನೆಗೂ ಶಾಲೆಯವರು ಕೆಲವೇ ಟಿಕೆಟ್ ಕೊಡುತ್ತಾರೆ. ಅವಳು ಅದರಲ್ಲೊಂದನ್ನು ಅಪ್ಪನ ಹೆಸರಿಗೆ ತೆಗೆದಿಟ್ಟಿದ್ದಳು. ಅವಳನ್ನು ಸಾಕಿದ ವರ್ನೆಲ್ ಅತ್ತೆ, "ಬರಲಾರದವನಿಗೆ ಯಾಕೆ ಕುರ್ಚಿ, ಚರ್ಚಿನವರಿಗೆ ಯಾರಿಗಾದ್ರೂ ಕೊಡು" ಎಂದರೂ ಕೊಟ್ಟಿರಲಿಲ್ಲ. 

ಜಡ್ಜ್ ತೀರ್ಪಿನ ಮೇಲೆ ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದು. ಅದಕ್ಕೆ ಹದಿನಾಲ್ಕು ದಿನದ ಗಡುವು. ಎಣಿಸುವುದು ಜಡ್ಜ್ ಸಹಿ ಮಾಡಿದ ದಿನದಿಂದ, ಕೈದಿ ಓದಿದ ದಿನದಿಂದಲ್ಲ. ಕಾಗದ ದಾರಿಯಲ್ಲಿ ಎಲ್ಲೆಲ್ಲಿ ಕೂತು ಸುಧಾರಿಸಿಕೊಂಡಿತೋ ಏನೋ, ಲಿಯೋಟಿಸ್ ಬೆರಳು ಮಡಿಸಿ ನೋಡಿದರೆ ನಾಳೆಯೇ ಕೊನೆಯ ದಿನ.

"ಅಯ್ಯಯ್ಯೋ!" ಎಂದ, ತನಗೆ ತಾನೇ.

ಮೇಲಿನ ಮಂಚದ ಗೊರಕೆ ತಟ್ಟನೆ ನಿಂತಿತು. "ಏನಣ್ಣ, ಎಷ್ಟು ವರ್ಷ ಇಳಿಸಿದ್ರು?" ಎಂದು ನೆಸ್ಟರ್‌ನ ತಲೆ ಕೆಳಕ್ಕೆ ಬಾಗಿತು.

ಬೆಳಗಾಗುವುದರೊಳಗೆ ವಿಷಯ ಎರಡೂ ಮಹಡಿಗೆ ಹಬ್ಬಿತ್ತು.

ಶುಕ್ರವಾರ ಬೆಳಿಗ್ಗೆ ಕಣ್ಣು ಬಿಟ್ಟರೆ ಮಂಜು. ಕಿಟಕಿಯಾಚೆ ಬೇಲಿಯೂ ಇಲ್ಲ, ಕಾವಲು ಗೋಪುರವೂ ಇಲ್ಲ, ಬರೀ ಬಿಳುಪು. ಬೇಲಿ ಕಾಣದಷ್ಟು ಮಂಜು ಬಿದ್ದರೆ ಕೈದಿಗಳನ್ನು ಹೊರಗೆ ಬಿಡುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಕೋರ್ಟಿನ ಕಾಗದಗಳನ್ನು ಟಪಾಲು ಕೋಣೆಯ ಕಿಟಕಿಯಲ್ಲಿ ಕೈಯಾರೆ ಕೊಡಬೇಕು. ಆ ಕಿಟಕಿ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸ್ವಲ್ಪ, ಮಧ್ಯಾಹ್ನ ಎರಡೂವರೆಯವರೆಗೆ ಸ್ವಲ್ಪ ತೆರೆದಿರುತ್ತದೆ. ಬೆಳಗಿನ ಸರದಿಯನ್ನು ಮಂಜು ನುಂಗಿತು.

"ಹಾಳು ಮಂಜು! ಇವತ್ತೇ ಬರ್ಬೇಕಿತ್ತಾ ಇದಕ್ಕೆ?" ಎಂದು ಲಿಯೋಟಿಸ್ ಕಿಟಕಿಗೆ ಹಣೆ ಒತ್ತಿ ಬೈದ.

"ಮಂಜಿಗೆ ಯಾಕಯ್ಯ ಬೈತೀಯ? ನಾನಿದ್ದೀನಲ್ಲ," ಎಂದಿತು ಬಾಗಿಲಲ್ಲೊಂದು ಗಂಭೀರ ಧ್ವನಿ.

ಅದು ಆಂಬ್ರೋಸ್ ಟಟಲ್. ಜೈಲಿನಲ್ಲೇ ಕಾನೂನು ಓದಿ, ಜೈಲಿನಲ್ಲೇ ವಕೀಲಿಕೆ ನಡೆಸುತ್ತಿದ್ದವನು. ಫೀಸು ಮೀನಿನ ಪೊಟ್ಟಣಗಳಲ್ಲಿ; ಜೈಲಿನೊಳಗೆ ದುಡ್ಡಿನ ಬದಲು ಓಡುತ್ತಿದ್ದುದು ಅವೇ. ತನ್ನ ಸ್ವಂತ ಕೇಸನ್ನು ನಾಲ್ಕು ಸಲ ವಾದಿಸಿ ನಾಲ್ಕು ಸಲವೂ ಸೋತಿದ್ದ. ಆದರೆ ಪ್ರತಿ ಸಲವೂ ಕೋರ್ಟೇ ತಪ್ಪು ಮಾಡಿತ್ತು ಎಂಬುದು ಅವನ ಖಚಿತ ಅಭಿಪ್ರಾಯ. ತಪ್ಪು ಮಾತನ್ನು ಯಾರಾದರೂ ಆಡಿದರೆ ತಿದ್ದದೆ ಬಿಡುವುದು ಅವನ ಕೈಯಲ್ಲಾಗುತ್ತಿರಲಿಲ್ಲ. ಒಮ್ಮೆ ಪಾದ್ರಿಯ ಪ್ರವಚನವನ್ನೇ ನಡುವೆ ನಿಲ್ಲಿಸಿ ತಿದ್ದಿದ್ದ.

"ಲಾಯರಣ್ಣ, ಇವತ್ತೇ ಕೊನೇ ದಿನ. ಕೊಟ್ರೂ ಅಲಬಾಮಾಗೆ ಮುಟ್ಟೋದು ಯಾವಾಗ?" ಎಂದ ಲಿಯೋಟಿಸ್.

ಆಂಬ್ರೋಸ್ ಕನ್ನಡಕ ಒರೆಸಿಕೊಂಡ. "ಕೇಳು. ಹೊರಗಿನವರ ಕಾಗದ ಕೋರ್ಟಿಗೆ ಮುಟ್ಟಿದಾಗ ಲೆಕ್ಕ. ನಮ್ಮದು ಹಾಗಲ್ಲ. ಕೈದಿ ಪಾಪ, ಪೋಸ್ಟಾಫೀಸಿಗೆ ಓಡೋಕಾಗುತ್ತಾ? ಅದಕ್ಕೇ ಕಾನೂನು ನಮಗೊಂದು ದಯೆ ತೋರಿಸಿದೆ. ನಿನ್ನ ಕವರು ಆ ಕಿಟಕಿಯೊಳಗೆ ಬಿದ್ದ ಕ್ಷಣವೇ ಕೋರ್ಟಿಗೆ ಸೇರಿದ ಹಾಗೆ. ಆಮೇಲೆ ಅದು ಒಂದು ವಾರ ಅಲ್ಲೇ ಕೊಳೀಲಿ, ಏನೂ ತೊಂದರೆ ಇಲ್ಲ."

"ಬಿದ್ದ ಕ್ಷಣವೇ?"

"ಬಿದ್ದ ಕ್ಷಣವೇ! ಮುದ್ರೆ ಹೊಡೆಸ್ಕೋ, ಅಷ್ಟೆ."

ಲಿಯೋಟಿಸ್‌ಗೆ ಆ ಕಾನೂನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಹದಿನೇಳು ವರ್ಷದಲ್ಲಿ ಕಾನೂನು ಅವನಿಗೆ ತೋರಿಸಿದ ಮೊದಲ ಅಕ್ಕರೆ ಅದು.

ಅಪೀಲಿಗೆ ಒಂದು ಸಾಲು ಸಾಕು: ಈ ತೀರ್ಪು ನನಗೆ ಒಪ್ಪಿಗೆಯಿಲ್ಲ, ಮೇಲಿನ ಕೋರ್ಟಿಗೆ ಹೋಗುತ್ತೇನೆ. ಆದರೆ ಒಂದು ಸಾಲಿಗೆ ಯಾರು ಮೀನು ಕೊಡುತ್ತಾರೆ? ಆಂಬ್ರೋಸ್ ಬೆರಳಚ್ಚಿನ ಯಂತ್ರದ ಮುಂದೆ ಕುಳಿತು ದೇಶದ ಸಂವಿಧಾನದಿಂದ ಶುರುಮಾಡಿದ. ಸುತ್ತ ಜನ ಸೇರಿದರು.

"ಮಗಳ ವಿಷಯ ಹಾಕಿ. ಜಡ್ಜ್ ಹೆಂಗಸಂತೆ, ಕರಗ್ತಾರೆ," ಎಂದ ನೆಸ್ಟರ್.

"ಹಾಗೇ ಕೆಳಗೆ ನಂದೂ ಒಂದು ಮಾತು ಸೇರ್ಸು. ಯೂಲಿಸ್ ಕೂಡ ಒಳ್ಳೆಯವನು, ಅವನನ್ನೂ ಸ್ವಲ್ಪ ನೋಡಿ ಅಂತ," ಎಂದ ಅಡುಗೆಮನೆಯ ಯೂಲಿಸ್. ಅವನು ಬಾಗಿಲಲ್ಲಿ ನಿಂತರೆ ಗಾಳಿಯೂ ಪಕ್ಕಕ್ಕೆ ಸರಿದು ಹೋಗಬೇಕು, ಅಷ್ಟು ದಪ್ಪ.

"ರೂಫಸ್‌ನ ತೂಕ ಅಂತ ಮಾತ್ರ ಬರೀರಪ್ಪ," ಎಂದು ಲಿಯೋಟಿಸ್ ಅಂಗಲಾಚಿದ. ಅವನ ಮಾತು ಯಾರಿಗೂ ಕೇಳಿಸಲಿಲ್ಲ. ತನ್ನದೇ ಮದುವೆಯಲ್ಲಿ ಊಟಕ್ಕೆ ಎಲೆ ಸಿಗದವನ ಹಾಗೆ ಅವನು ಗುಂಪಿನ ಹಿಂದೆ ನಿಂತಿದ್ದ. ಆರನೆಯ ಪುಟದಲ್ಲಿ ಯಂತ್ರದ ಶಾಯಿಪಟ್ಟಿ ಮುಗಿಯಿತು. ಪಟ್ಟಿಯನ್ನು ಕೈದಿಯೇ ಕೊಂಡು ತರಬೇಕು, ಅಂಗಡಿ ತೆರೆಯುವುದು ಮಂಗಳವಾರ. ಪ್ರತಿಯೊಬ್ಬನೂ ತನ್ನ ಹತ್ತಿರ ಇಲ್ಲವೆಂದು ಆಣೆ ಮಾಡಿದ ಮೇಲೆ ಲಿಯೋಟಿಸ್ ಸದ್ದಿಲ್ಲದೆ ಪೆನ್ನು ತೆಗೆದು, ಒಂದು ಹಾಳೆಯಲ್ಲಿ ಒಂದೇ ಸಾಲು ಬರೆದು ಸಹಿ ಮಾಡಿದ. ಆಂಬ್ರೋಸ್‌ಗೆ ಸಿಟ್ಟು ಬಂತು. ಆದರೂ ಆರು ಪುಟಗಳನ್ನು ಅದರ ಹಿಂದೆ ಸೇರಿಸಿಯೇ ಕವರು ಮುಚ್ಚಿದ.

ಅಷ್ಟರಲ್ಲಿ ಮಂಜು ಕರಗಿತು, ಬಾಗಿಲು ತೆರೆಯಿತು. ಲಿಯೋಟಿಸ್ ಹೊಸ್ತಿಲಿಗೆ ಕಾಲಿಟ್ಟನೋ ಇಲ್ಲವೋ, ಗಂಟೆ ಮೊಳಗಿತು. "ಎಲ್ರೂ ಒಳಗೆ! ಒಳಗೆ!"

ಅಡುಗೆಮನೆಯಲ್ಲೊಂದು ಸೌಟು ಕಾಣೆಯಾಗಿತ್ತು. ಉದ್ದ ಹಿಡಿಯ ಉಕ್ಕಿನ ಸೌಟು; ಯಾರಾದರೂ ತಿಕ್ಕಿ ಚೂಪು ಮಾಡಿದರೆ ಮುಗಿಯಿತು. ಜೈಲಿಗೆ ಜೈಲೇ ಬೀಗ ಹಾಕಿಸಿಕೊಂಡಿತು. ಹಾಸಿಗೆ ಬಿಚ್ಚಿ, ದಿಂಬು ಒದರಿ, ಗಾರ್ಡುಗಳು ಹುಡುಕಿದ್ದೇ ಹುಡುಕಿದ್ದು. ಲಿಯೋಟಿಸ್ ಕವರನ್ನು ಎದೆಗವಚಿಕೊಂಡು ಗೋಡೆ ಗಡಿಯಾರವನ್ನು ನೋಡುತ್ತ ನಿಂತ. ಒಂದಾಯಿತು, ಒಂದೂವರೆಯಾಯಿತು. ಹಿಂದಿನ ರಾತ್ರಿಯವರೆಗೆ ಅವನಿಗೆ ಕಾಲ ಕಳೆಯುವುದೇ ಕಷ್ಟವಾಗಿತ್ತು. ಇಂದು ಕಾಲ ಅವನನ್ನು ಬಿಟ್ಟು ಓಡುತ್ತಿತ್ತು. ಎರಡು ಗಂಟೆ ದಾಟಿದ ಮೇಲೆ, ಬೆಳಗಿನ ಮೆಕ್ಕೆಜೋಳದ ಗಂಜಿ ಮಿಕ್ಕಿ ಗಟ್ಟಿಯಾಗಿದ್ದ ಕೊಳಗದ ತಳದಲ್ಲಿ ಸೌಟು ಸಿಕ್ಕಿತು. ಅದನ್ನು ಅಲ್ಲಿ ಮರೆತವನು ಯೂಲಿಸ್. ಸೌಟು ಕಿತ್ತು ತೆಗೆಯಲು ಇಬ್ಬರು ಬೇಕಾಯಿತಂತೆ.

"ನಿನ್ನ ಗಂಜಿಗಿಷ್ಟು! ನನ್ನ ಜೀವ ತೆಗೆದ್ಯಲ್ಲೋ," ಎಂದ ಲಿಯೋಟಿಸ್.

"ತಪ್ಪಾಯ್ತಣ್ಣ. ಬಾ, ನಾನೇ ಮುಟ್ಟಿಸ್ತೀನಿ," ಎಂದು ಯೂಲಿಸ್ ಮುಂದೆ ಹೊರಟ.

ಜೈಲಿನ ಅಂಗಳದಲ್ಲಿ ಓಡುವಂತಿಲ್ಲ. ಓಡಿದವನು ಪರಾರಿಯಾಗುತ್ತಿದ್ದಾನೆಂದೇ ಅರ್ಥ. ಆದ್ದರಿಂದ ನಮ್ಮ ಲಿಯೋಟಿಸ್ ಓಡದೆ ಓಡಿದ. ಸೊಂಟದ ಮೇಲೆ ಪ್ರಾರ್ಥನೆಗೆ ಹೊರಟವನ ಗಾಂಭೀರ್ಯ, ಸೊಂಟದ ಕೆಳಗೆ ಕೆಂಡ ಹಾಯುವವನ ಅವಸರ. ಹಿಂದೆ ಆಂಬ್ರೋಸ್, ಅವನ ಹಿಂದೆ ನೆಸ್ಟರ್. ಟಪಾಲು ಕೋಣೆಯ ಹಗಿನ್ಸ್ ಸಾಹೇಬರು ಆಗಲೇ ಕಿಟಕಿಯ ತಗಡು ಕೆಳಗೆ ಎಳೆಯುತ್ತಿದ್ದರು. ಯೂಲಿಸ್ ತನ್ನ ತೊಲೆಯಂಥ ತೋಳನ್ನು ಅದರಡಿ ತೂರಿಸಿಬಿಟ್ಟ.

"ಏಯ್! ಕೈ ತೆಗಿಯೋ!"

"ಸಿಕ್ಕಾಕ್ಕೊಂಡಿದೆ ಸಾಹೇಬ್ರೆ. ಅಯ್ಯೋ, ನೋವು! ಸ್ವಲ್ಪ ಮೇಲೆತ್ತಿ!"

ತಗಡು ಮೇಲೆದ್ದಿತು. ಕವರು ಒಳಗೆ ಬಿತ್ತು. ಹಗಿನ್ಸ್ ಸಾಹೇಬರು ಹಲ್ಲು ಕಡಿಯುತ್ತ ಮುದ್ರೆ ಹೊಡೆದು, ಗಂಟೆ ಬರೆದು, ಚೀಟಿ ಹೊರಗೆಸೆದರು. ಎರಡೂವರೆ!

"ಗೆದ್ದೆವು!" ಎಂದು ಆಂಬ್ರೋಸ್ ಕೂಗಿದ. ನಾಲ್ವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಲಿಯೋಟಿಸ್‌ನ ಬೆನ್ನನ್ನು ಒಬ್ಬರು ಪ್ರೀತಿಯಿಂದ ತಟ್ಟಿ ಎಷ್ಟು ಕಾಲವಾಗಿತ್ತೋ. ಸ್ವಲ್ಪ ಹೊತ್ತು ಅವನು ತಬ್ಬಿದ ಕೈ ಬಿಡಲಿಲ್ಲ. ಯೂಲಿಸ್‌ಗೆ ಮುಜುಗರವಾಗಿ ಕೆಮ್ಮಿದ ಮೇಲೆ ಬಿಟ್ಟ.

ನಾಲ್ಕು ಗಂಟೆಯ ಕೈದಿಗಳ ತಲೆ ಎಣಿಕೆ ಮುಗಿದು ಎಲ್ಲರೂ ಊಟದ ಕರೆಗೆ ಕಾಯುತ್ತಿದ್ದಾಗ ಧ್ವನಿವರ್ಧಕ ಗೊರಗುಟ್ಟಿತು.

"ಗೇನ್ಸ್! ಗಂಟುಮೂಟೆ ಕಟ್ಟು! ನಿನ್ನ ಬಿಡುಗಡೆ ಬಂದಿದೆ!"

ಯಾರೂ ನಂಬಲಿಲ್ಲ. ಲಿಯೋಟಿಸ್ ಅಂತೂ ಅದು ಇನ್ಯಾವನೋ ಗೇನ್ಸ್ ಇರಬೇಕೆಂದು ಸುತ್ತ ನೋಡಿದ. ಕೈದಿಗಳ ಕಾಗದಪತ್ರ ನೋಡಿಕೊಳ್ಳುವ ಪ್ರೂಯಿಟ್ ಮೇಡಂ ಸ್ವತಃ ಬಂದು ಹೇಳಿದರು.

"ನಿಮ್ಮ ಜಡ್ಜಮ್ಮನಿಗೆ ಇವತ್ತು ತಪ್ಪು ತಾನಾಗೇ ಕಣ್ಣಿಗೆ ಬಿದ್ದಿದೆ. ತೂಕ ಇನ್ಯಾರದೋ ಅಂತ. ತಿದ್ದೋಕೆ ಅವರಿಗೂ ಹದಿನಾಲ್ಕೇ ದಿನ ಇದ್ದದ್ದು, ಇವತ್ತೇ ಕೊನೆ. ಹೊಸ ಆದೇಶ ಕಳಿಸಿದ್ದಾರೆ. ಇಷ್ಟು ದಿನ ಇದ್ದದ್ದೇ ಸಾಕು, ಕೂಡ್ಲೇ ಬಿಡಿ ಅಂತ. ಕಂಪ್ಯೂಟರಿನಿಂದ ನಿಮ್ಮ ಹೆಸರು ತೆಗೆದೂ ಆಯ್ತು. ಏಳಿ, ಏಳಿ!"

ಲಿಯೋಟಿಸ್ ಮಂಚದ ಮೇಲೆ ಕೂತು ಅತ್ತ. ಅವನು ಅಳುವುದನ್ನು ಯಾರೂ ಕಂಡಿರಲಿಲ್ಲ. ಅವನಿಗೇ ಅಭ್ಯಾಸ ತಪ್ಪಿಹೋಗಿ ಸದ್ದು ಬಿಕ್ಕಳಿಕೆಯಂತೆ ಬಂತು.

ಮೊದಲು ಫೋನಿಗೆ ಓಡಿದ, ಈ ಸಲ ನಿಜವಾಗಿಯೂ ಓಡಿದ. ತಿಂಗಳಿಗೆ ಇಂತಿಷ್ಟೇ ನಿಮಿಷ ಎಂದು ಲೆಕ್ಕವಿರುವ ಫೋನು. ತಿಂಗಳ ಕೊನೆಯಾದ್ದರಿಂದ ಅವನಲ್ಲಿ ಚೂರುಪಾರು ಮಾತ್ರ ಉಳಿದಿತ್ತು. ಇದು ಜೈಲಿನಿಂದ ಬಂದ ಕರೆ ಎಂದು ಯಂತ್ರದ ಹೆಂಗಸು ಎಂದಿನಂತೆ ಸಾವಕಾಶವಾಗಿ ಹೇಳಿದಳು. ಬೇರೆ ದಿನ ಅವನಿಗೆ ಆ ಧ್ವನಿಯೂ ಇಷ್ಟವೇ, ಹೆಂಗಸಿನ ಮಾತು ಕಿವಿಗೆ ಬೀಳುವುದೇ ಅಪರೂಪ. ಇವತ್ತು, "ಬೇಗ ಮುಗಿಸಮ್ಮ ತಾಯಿ," ಎಂದ.

"ಅಪ್ಪ?"

"ಒಡೆಸ್ಸಾ, ಬಿಟ್ರು ಕಣೇ. ನನ್ನ ಬಿಟ್ಬಿಟ್ರು."

ಆಚೆ ಕಡೆ ಕಿರುಚಾಟ. "ಅತ್ತೇ! ಕಾರಿನ ಕೀ ಎಲ್ಲಿ? ಅಪ್ಪ, ನೀನು ಬಸ್ಸಿಗೆ ಹೋಗ್ಬೇಡ, ರಾತ್ರಿ ಅಲ್ಲೇ ಊರಲ್ಲಿ ಎಲ್ಲಾದ್ರೂ ಇರು. ನಾವೇ ಬರ್ತೀವಿ, ಈಗ್ಲೇ ಹೊರಡ್ತೀವಿ. ಬೆಳಿಗ್ಗೆ ಗೇಟಲ್ಲಿರ್ತೀವಿ. ನಿನ್ನ ಅಂಗಿ ಸೈಜ್ ಎಷ್ಟು?"

"ಅಂಗಿ ಸೈಜಾ?" ಲಿಯೋಟಿಸ್‌ಗೆ ಹೊಳೆಯಲಿಲ್ಲ. ಕೊಟ್ಟದ್ದನ್ನು ಹಾಕಿಕೊಂಡು ಬಂದವನಿಗೆ ಅಂಗಿಯ ಸೈಜು ಯಾಕೆ ಬೇಕಿತ್ತು? "ನೀನು ನೋಡಿದ್ದೀಯಲ್ಲ ನನ್ನ."

"ಏಳು ವರ್ಷದವಳಿದ್ದಾಗ ನೋಡಿದ್ದು ಅಪ್ಪ!" ಎಂದು ಅವಳು ನಗುತ್ತಲೋ ಅಳುತ್ತಲೋ ಅನ್ನುವಷ್ಟರಲ್ಲಿ ನಿಮಿಷ ತೀರಿ ಫೋನು ಸತ್ತಿತು. ಇನ್ನು ಹೊಸ ತಿಂಗಳು ಹುಟ್ಟುವವರೆಗೆ ಅದು ಅವನ ಪಾಲಿಗೆ ಬರೀ ಗೋಡೆಗೆ ಅಂಟಿದ ಕಬ್ಬಿಣ. ಪರವಾಗಿಲ್ಲ, ಇನ್ನು ಅದು ಯಾರಿಗೆ ಬೇಕು?

ಹೊರಟವನು ತನ್ನ ವಸ್ತುಗಳನ್ನೆಲ್ಲ ಹಂಚಿ ಹೋಗುವುದು ಅಲ್ಲಿಯ ಪದ್ಧತಿ. ಒಯ್ಯುವಂತಿಲ್ಲ, ಹಿಂತಿರುಗಿ ನೋಡುವಂತಿಲ್ಲ. ಕೊಟ್ಟದ್ದನ್ನು ವಾಪಸು ಮುಟ್ಟಿದರೆ ಮತ್ತೆ ಜೈಲಿಗೆ ಬರುತ್ತಾನೆಂದು ಎಲ್ಲರೂ ದೃಢವಾಗಿ ನಂಬಿದ್ದರು. ಲಿಯೋಟಿಸ್ ರೇಡಿಯೋವನ್ನು ಯೂಲಿಸ್‌ಗೆ ಕೊಟ್ಟ. ಅನ್ನ, ಸಾರು ಬೇಯಿಸಿಕೊಳ್ಳುವ ಬೋಗುಣಿಯನ್ನೂ ಒಳ್ಳೆಯ ದಿಂಬನ್ನೂ ನೆಸ್ಟರ್‌ಗೆ ಕೊಟ್ಟ. ಉಣ್ಣೆಯ ಕಂಬಳಿ, ಟೋಪಿ ಆಂಬ್ರೋಸ್‌ಗೆ. ಉಳಿದ ಮೀನಿನ ಪೊಟ್ಟಣ, ಸೋಪು, ಕೊನೆಗೆ ಹಲ್ಲುಜ್ಜುವ ಪೇಸ್ಟೂ ಹೋಯಿತು.

ಬಿಡುಗಡೆ ಕೋಣೆಯವರೆಗೆ ಆಂಬ್ರೋಸ್ ಕಂಬಳಿ ಹೊದ್ದು ಜೊತೆಗೆ ಬಂದ. ಗಿರಾಕಿಯನ್ನು ಕಳಿಸಿಕೊಡುವುದು ವಕೀಲನ ಧರ್ಮವಂತೆ. ಪ್ರೂಯಿಟ್ ಮೇಡಂ ಕೊನೆಯ ಹಾಳೆಗೆ ಸಹಿ ಹಾಕಲು ಪೆನ್ನು ಎತ್ತಿದರು.

"ಪುಣ್ಯವಂತರು ನೀವು ಗೇನ್ಸ್. ಜಡ್ಜ್ ತಾವಾಗೇ ತಪ್ಪು ತಿದ್ದೋದು ನಾನು ನೋಡೇ ಇಲ್ಲ," ಎಂದರು.

ಆಂಬ್ರೋಸ್‌ಗೆ ಇದು ತಡೆಯಲಾಗಲಿಲ್ಲ. "ತಾವಾಗೇನಲ್ಲ ಮೇಡಂ. ನನ್ನ ಅಪೀಲಿಗೆ ಹೆದರಿ!"

ಪೆನ್ನು ನಿಂತಿತು. "ಯಾವ ಅಪೀಲು?"

"ಇವತ್ತು ಕೊಟ್ವಲ್ಲ, ಏಳು ಪುಟ! ನಾನೇ ಬರೆದದ್ದು."

ಮೇಡಂ ಪೆನ್ನು ಕೆಳಗಿಟ್ಟರು. "ಅಯ್ಯೋ, ಅಪೀಲು ಕೊಟ್ಟ ಮೇಲೆ ಕೇಸು ಆ ಜಡ್ಜ್ ಕೈಯಲ್ಲಿರಲ್ವಲ್ರೀ. ಮೇಲಿನ ಕೋರ್ಟಿಗೆ ಹೋಗಿಬಿಡುತ್ತೆ. ಆಮೇಲೆ ಇವರು ಮಾಡಿದ ಆದೇಶಕ್ಕೆ ಬೆಲೆ ಇಲ್ಲ. ಎಷ್ಟು ಗಂಟೆಗೆ ಕೊಟ್ರಿ?"

ಲಿಯೋಟಿಸ್ ಚೀಟಿಯನ್ನು ಮುಂದಿಟ್ಟ. "ಎರಡೂವರೆ. ಆದ್ರೆ ಕವರು ಇಲ್ಲೇ ಇದೆ ಮೇಡಂ, ಹೋಗೇ ಇಲ್ಲ!"

"ಕಿಟಕಿಯೊಳಗೆ ಬಿದ್ದ ಕ್ಷಣವೇ ಕೋರ್ಟಿಗೆ ಸೇರಿದ ಹಾಗೆ," ಎಂದು ಆಂಬ್ರೋಸ್ ಮೇಡಂಗೂ ಕಾನೂನು ಹೇಳಿಕೊಟ್ಟ.

ಮೇಡಂ ಆದೇಶದ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದರು. ಅವರ ಮುಖ ಅರಳಿತು. "ತಡೀರಿ! ಜಡ್ಜ್ ಸಹಿ ಮಾಡಿದ್ದು ಎರಡು ಗಂಟೆಗೆ. ನಿಮ್ಮದು ಎರಡೂವರೆ. ಆದೇಶ ಮೊದಲು, ಅಪೀಲು ಆಮೇಲೆ. ಬಚಾವಾದ್ರಿ ಕಣ್ರೀ!"

ಲಿಯೋಟಿಸ್ ಉಸಿರು ಬಿಟ್ಟ. ಮಂಜು ಕಾಪಾಡಿತ್ತು, ಸೌಟು ಕಾಪಾಡಿತ್ತು. ಅವೆರಡೂ ಇಲ್ಲದಿದ್ದರೆ ಬೆಳಿಗ್ಗೆಯೇ ಕೊಟ್ಟು ಕೆಡುತ್ತಿದ್ದೆನಲ್ಲ ಎಂದುಕೊಂಡ. ಬೆಳಗಿನಿಂದ ಬೈದದ್ದಕ್ಕೆ ಮನಸ್ಸಿನಲ್ಲೇ ಎರಡಕ್ಕೂ ಕ್ಷಮೆ ಕೇಳಿದ. ಮೇಡಂ ಪೆನ್ನು ಎತ್ತಿಕೊಂಡರು.

ಆಂಬ್ರೋಸ್ ಗಂಟಲು ಸರಿಮಾಡಿಕೊಂಡ. ತಡೆದುಕೊಳ್ಳಲು ಅವನು ನಿಜವಾಗಿಯೂ ಒದ್ದಾಡಿದ. ಕತ್ತಿನ ನರ ಉಬ್ಬಿತು, ಕಂಬಳಿಯ ಅಂಚನ್ನು ಹಿಂಡಿದ. ಆದರೆ ಕಣ್ಣೆದುರಿಗೆ ಒಂದು ತಪ್ಪು ನಡೆದುಹೋಗುತ್ತಿತ್ತು.

"ಮೇಡಂ, ಅದು ಅಲಬಾಮಾ ಗಡಿಯಾರದ ಎರಡು. ಅವರದು ನಮಗಿಂತ ಒಂದು ಗಂಟೆ ಹಿಂದೆ. ಅವರ ಎರಡು ಅಂದ್ರೆ ನಮಗೆ ಮೂರು."

ಲಿಯೋಟಿಸ್ ತನ್ನ ವಕೀಲನನ್ನು ನೋಡಿದ ನೋಟವನ್ನು ಏನೆಂದು ಹೇಳಲಿ? ಅದರಲ್ಲಿ ಸಿಟ್ಟೂ ಇರಲಿಲ್ಲ.

ಮೇಡಂ ಒಳ್ಳೆಯವರು. ಅಲಬಾಮಾದ ಕೋರ್ಟಿಗೆ ಫೋನು ಮಾಡಿದರು, ವಾದಿಸಿದರು, ಕಾದರು. ಅರ್ಧ ಗಂಟೆಯ ಅಂತರ ನಿಜವೆಂದೂ ಆದೇಶ ಅನೂರ್ಜಿತವೆಂದೂ ಅಲ್ಲಿಯವರು ಹೇಳಿದರು. ಅಪೀಲನ್ನು ವಾಪಸು ತೆಗೆದುಕೊಂಡರೂ, ಮೇಲಿನ ಕೋರ್ಟು ಅದನ್ನು ಒಪ್ಪುವಷ್ಟರಲ್ಲಿ ತಪ್ಪು ತಿದ್ದಲು ಜಡ್ಜಿಗಿದ್ದ ಇವತ್ತಿನ ಗಡುವು ಮುಗಿದಿರುತ್ತದೆ. ಇನ್ನು ಮೇಲಿನ ಕೋರ್ಟೇ ತೀರ್ಮಾನಿಸಬೇಕು. ವರ್ಷವೂ ಆಗಬಹುದು. ಒಂದು ಗೋಡೆಯಾಚೆ, ಟಪಾಲು ಕೋಣೆಯ ಬುಟ್ಟಿಯಲ್ಲಿ, ಆ ಕವರು ಎಲ್ಲಿಗೂ ಹೋಗದೆ ಹಾಯಾಗಿ ಬಿದ್ದುಕೊಂಡಿತ್ತು. "ಅದನ್ನ ಒಮ್ಮೆ ಕೊಡಿ ಸಾಹೇಬ್ರೆ, ಹರಿದು ನುಂಗಿಬಿಡ್ತೀನಿ," ಎಂದು ಲಿಯೋಟಿಸ್ ಮನೆಗೆ ಹೊರಟಿದ್ದ ಹಗಿನ್ಸ್ ಸಾಹೇಬರಿಗೆ ಕೈಮುಗಿದ.

"ಅದೀಗ ಕೋರ್ಟಿನ ಸ್ವತ್ತು ಕಣಯ್ಯ. ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ," ಎಂದರು ಹಗಿನ್ಸ್ ಸಾಹೇಬರು. "ಮುಚ್ಚೋ ಕಿಟಕೀನ ಎತ್ತಿಸಿ ಕೊಟ್ಟವರು ನೀವೇ ತಾನೆ?"

ಮೇಡಂ ಒಡೆಸ್ಸಾಳ ನಂಬರಿಗೂ ಫೋನು ಮಾಡಿ ನೋಡಿದರು. ಅವಳಾಗಲೇ ದಾರಿಯಲ್ಲಿದ್ದಳು, ಸಿಗಲಿಲ್ಲ. ಬೆಟ್ಟ ಸೇರಿದ ಮೇಲಂತೂ ಯಾರ ಫೋನೂ ಹಿಡಿಯುವುದಿಲ್ಲ. ಮೇಡಂ ಬ್ಯಾಗು ಹೆಗಲಿಗೇರಿಸಿ, ಲಿಯೋಟಿಸ್‌ನ ಮುಖ ನೋಡದೆ, "ಸೋಮವಾರ ಸಿಗ್ತೀನಿ," ಎಂದು ಹೊರಟುಹೋದರು.

ಹಾದಿಯುದ್ದಕ್ಕೂ ಆಂಬ್ರೋಸ್ ಮಾತಾಡುತ್ತಲೇ ಇದ್ದ. "ಬೇಜಾರ್ ಮಾಡ್ಕೋಬೇಡ. ಈ ಅಪೀಲು ನಾವು ಗೆದ್ದೇ ಗೆಲ್ತೀವಿ. ಜಡ್ಜೇ ತಪ್ಪು ಒಪ್ಪಿಕೊಂಡಿದ್ದಾರಲ್ಲ!"

ಕೋಣೆಯಲ್ಲಿ ನೆಸ್ಟರ್ ಆಗಲೇ ಕೆಳಗಿನ ಮಂಚಕ್ಕೆ ಇಳಿದು, ಒಳ್ಳೆಯ ದಿಂಬಿನ ಮೇಲೆ ಒರಗಿ, ಬೋಗುಣಿಯಿಂದ ಬಿಸಿ ಅನ್ನ ತಿನ್ನುತ್ತಿದ್ದ. ಲಿಯೋಟಿಸ್‌ನನ್ನು ಕಂಡು ಚಮಚ ಬಾಯಲ್ಲೇ ನಿಂತಿತು. ಕತೆಯನ್ನೆಲ್ಲ ಕೇಳಿ ಲೊಚಗುಟ್ಟಿದ.

"ದಿಂಬು ಕೊಡಪ್ಪ, ತಲೆ ನೋಯ್ತಿದೆ," ಎಂದ ಲಿಯೋಟಿಸ್.

ನೆಸ್ಟರ್ ದಿಂಬನ್ನು ಬೆನ್ನ ಹಿಂದೆ ಸರಿಸಿದ. "ಅಣ್ಣ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಕೊಟ್ಟದ್ದನ್ನ ವಾಪಸ್ ತಗೊಂಡ್ರೆ ನೀನು ಮತ್ತೆ ಜೈಲಿಗೆ ಬರ್ತೀಯ."

"ಇಲ್ಲೇ ಇದ್ದೀನಲ್ಲೋ!"

"ಅದಕ್ಕೇ ಅಣ್ಣ. ಮುಂದಕ್ಕಾದ್ರೂ ಒಳ್ಳೇದಾಗ್ಲಿ."

ರೇಡಿಯೋ ವಾಪಸು ಕೇಳಲು ಹೋದರೆ ಯೂಲಿಸ್ ಅದನ್ನೇ ಹೇಳಿದ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ. ಬೆಳಿಗ್ಗೆಯಿಂದ ಲಿಯೋಟಿಸ್‌ನ ಸುತ್ತ ನೊಣದಂತೆ ಮುತ್ತಿದ್ದ ಜನ ಒಬ್ಬೊಬ್ಬರೇ ಕೆಲಸ ನೆನಪಾಗಿ ಸರಿದುಹೋದರು. ಅವನು ಮೇಲಿನ ಮಂಚದ ಬರೀ ಹಾಸಿನ ಮೇಲೆ ಕಾಲು ಇಳಿಬಿಟ್ಟು ಕುಳಿತ. ಬಿಡುಗಡೆಯ ಸುದ್ದಿ ಬರದೆ ಹೋಗಿದ್ದರೆ ದಿಂಬಾದರೂ ಇರುತ್ತಿತ್ತು. ನಾಳೆ ಶನಿವಾರ, ಮನೆಯವರು ಬಂದು ನೋಡುವ ಸಂದರ್ಶನದ ದಿನ ಎಂಬುದು ಆಗ ನೆನಪಾಯಿತು. ಗೇಟಿನಾಚೆ ಅಲ್ಲದಿದ್ದರೂ ಸಂದರ್ಶನದ ಮೇಜಿನೆದುರು ಮಗಳನ್ನು ನೋಡಬಹುದಲ್ಲ! ಅವಳು ಎಷ್ಟು ಎತ್ತರ ಬೆಳೆದಿದ್ದಾಳೋ. ಹಾಗೆ ಯೋಚಿಸುತ್ತ ಅವನು ಅಂಗಿಯ ಕಾಲರು ಮಡಿಸಿ ಒಳಗಿನ ಪಟ್ಟಿಯಲ್ಲಿ ಸೈಜು ಎಷ್ಟೆಂದು ಓದಿಕೊಂಡ.

ಸಂಜೆಯ ಎಣಿಕೆಗೆ ಗಂಟೆಯಾಯಿತು. ಎಲ್ಲರೂ ಮಂಚದ ಪಕ್ಕ ನಿಂತರು. ಗಾರ್ಡು ಎಣಿಸಿಕೊಂಡು ಹೋದ, ತಲೆ ಕೆರೆದುಕೊಂಡು ಬಂದ, ಮತ್ತೆ ಎಣಿಸಿದ. ಸಾಲಿನುದ್ದಕ್ಕೂ ಬೈಗುಳ ಶುರುವಾಯಿತು. ಎಣಿಕೆ ಸರಿಹೋಗುವವರೆಗೆ ಯಾರೂ ಕೂರುವಂತಿಲ್ಲ.

"ಒಬ್ಬ ಜಾಸ್ತಿ ಬರ್ತಿದ್ದಾನೆ," ಎಂದ ಗಾರ್ಡು. ಲಿಯೋಟಿಸ್‌ನ ಮುಂದೆ ಬಂದು ನಿಂತ. "ನೀನಾ? ನೀನು ಕಂಪ್ಯೂಟರಿನಲ್ಲಿ ಇಲ್ಲವಲ್ಲಯ್ಯ. ಸಾಯಂಕಾಲವೇ ಬಿಡುಗಡೆ ಆಗಿ ಹೋಗಿದ್ದೀಯ."

"ಹೋಗಿಲ್ಲ ಸಾಹೇಬ್ರೆ. ಮತ್ತೆ ಸೇರಿಸ್ಕೊಳ್ಳಿ."

"ಅದನ್ನ ಮಾಡೋರು ಪ್ರೂಯಿಟ್ ಮೇಡಂ. ಅವರು ಬರೋದು ಸೋಮವಾರ."

"ನಾಳೆ ನನ್ನ ಮಗಳು ಬರ್ತಾಳೆ. ಗೇಟಲ್ಲಿ ನನ್ನ ಹೆಸರು ಹೇಳಿದ್ರೆ?"

"ಕಂಪ್ಯೂಟರ್ ನೋಡಿ ಹೇಳ್ತಾರೆ. ನಿಮ್ಮಪ್ಪ ಇಲ್ಲಮ್ಮ, ನಿನ್ನೇನೇ ಹೊರಟುಹೋದ್ರು ಅಂತ."

ಅಷ್ಟು ಹೇಳಿ ಗಾರ್ಡು ಮತ್ತೆ ಮೊದಲಿನಿಂದ ಎಣಿಸಲು ಹೋದ. ದೂರದ ರಸ್ತೆಯಲ್ಲಿ ಎಲ್ಲೋ ಒಡೆಸ್ಸಾ ಕಾರು ಓಡಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ಅಂದಾಜಿನ ಮೇಲೆ ಕೊಂಡ ಹೊಸ ಅಂಗಿ ಇತ್ತು. ಲಿಯೋಟಿಸ್ ಮಂಚದ ಪಕ್ಕ ನೆಟ್ಟಗೆ ನಿಂತೇ ಇದ್ದ. ಅವನನ್ನು ಇನ್ನೊಮ್ಮೆ ಎಣಿಸಿ, ಲೆಕ್ಕದಿಂದ ಬಿಡುವುದಿತ್ತು.